ಬೇಸರವಾದಾಗೆಲ್ಲ ತಿನ್ನುತ್ತಿದ್ದೆ: ಚಿಕಿತ್ಸೆಗೆ ಓಡಾಡಿದ ಕಥೆ

ಕಳೆದ ತಿಂಗಳು ನಮ್ಮ ಮನಶ್ಶಾಸ್ತ್ರಜ್ಞೆ "ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು" ಎಂದರು. ಒಂದೂವರೆ ವರ್ಷದ ಹತ್ತಿರ ಹತ್ತಿರದ ಓಡಾಟ ಒಂದು ಹಂತಕ್ಕೆ ಬಂತು. ಶುರುವಿನಲ್ಲಿ ಯಾರ ಹತ್ತಿರ ಹೋಗಬೇಕು, ಏನಂತ ಹೇಳಬೇಕು, ಎಷ್ಟು ಖರ್ಚಾಗುತ್ತೆ, ಒಂದೂ ಗೊತ್ತಿರಲಿಲ್ಲ. ಹುಡುಕಿದಾಗೆಲ್ಲ ಸಿಗುತ್ತಿದ್ದದ್ದು ತೂಕ ಇಳಿಸುವ ಸಲಹೆ. ನನ್ನ ತೊಂದರೆ ತೂಕದ್ದಲ್ಲ. ತಿನ್ನಲು ಶುರು ಮಾಡಿದರೆ ನಿಲ್ಲಿಸೋಕೆ ಆಗುತ್ತಿರಲಿಲ್ಲ, ಅದು ನನ್ನ ತೊಂದರೆ. ಇದೇ ಕಷ್ಟದಲ್ಲಿ ಇರುವವರು ನನ್ನಷ್ಟು ಅಲೆಯದಿರಲಿ ಅಂತ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯವಳು. ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮ ಮನೆಯವರಿಗೆ ಬೇರೆ ಊರಲ್ಲಿ ಕೆಲಸ. ಶನಿವಾರ ರಾತ್ರಿ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತಾರೆ. ಅಪ್ಪ ತೀರಿಕೊಂಡ ವರ್ಷವೇ ಮಗಳು ಪಿಯುಸಿಗೆ ಅಂತ ಮಂಗಳೂರು ಕಡೆಯ ಹಾಸ್ಟೆಲ್ ಸೇರಿದಳು. ಅಲ್ಲಿ ಭಾನುವಾರ ಮಾತ್ರ ಫೋನ್. ಅತ್ತೆ ಜೊತೆಗಿದ್ದಾರೆ, ಆದರೆ ಎಂಟು ಗಂಟೆಗೆಲ್ಲ ಉಂಡು ಮಲಗುತ್ತಾರೆ.

ಆ ವರ್ಷದಿಂದ ಸಂಜೆಗಳು ಕೆಟ್ಟವು. ಆಫೀಸಿನಿಂದ ಬಂದವಳು ಬ್ಯಾಗ್ ಇಡುವ ಮುಂಚೆಯೇ ಡಬ್ಬಿಗೆ ಕೈ ಹಾಕುತ್ತಿದ್ದೆ. ಮಂಡಕ್ಕಿ, ಖಾರ, ಬಿಸ್ಕತ್ತು. ಅತ್ತೆ ಮಲಗಿದ ಮೇಲೆ ಮತ್ತೆ ಶುರು. ಉಳಿದ ಅನ್ನ, ಬ್ರೆಡ್ಡಿಗೆ ತುಪ್ಪ ಸಕ್ಕರೆ, ಯಾರದಾದರೂ ಮದುವೆಯಿಂದ ಬಂದ ಲಾಡು. ಅಡುಗೆಮನೆಯಲ್ಲಿ ನಿಂತುಕೊಂಡೇ, ಲೈಟು ಹಾಕದೆ, ಬೇಗ ಬೇಗ. ರುಚಿ ಕೂಡ ತಿಳಿಯುತ್ತಿರಲಿಲ್ಲ. ಹೊಟ್ಟೆ ನೋಯುವವರೆಗೂ ತಿಂದು, ಖಾಲಿ ಪ್ಯಾಕೆಟ್ಟುಗಳನ್ನು ಬ್ಯಾಗಿಗೆ ತುರುಕಿ ಮರುದಿನ ದಾರಿಯಲ್ಲಿ ಬಿಸಾಕುತ್ತಿದ್ದೆ. ಹಾಸಿಗೆಗೆ ಬಂದರೆ ಅಳು. ಬೆಳಿಗ್ಗೆ ಎದ್ದು, ನಿನ್ನೆ ಅಷ್ಟು ತಿಂದಿದ್ದೀನಲ್ಲ ಅಂತ ತಿಂಡಿ ಬಿಟ್ಟು ಬರೀ ಕಾಫಿ ಕುಡಿದು ಹೋಗುತ್ತಿದ್ದೆ. ಈ ಕಾಫಿಯ ವಿಷಯ ಮುಂದೆ ಮತ್ತೆ ಬರುತ್ತೆ.

ಮೊದಲು ಹೋಗಿದ್ದು ಒಬ್ಬ ಫಿಜಿಷಿಯನ್ ಹತ್ತಿರ. ರಾತ್ರಿ ತಿನ್ನುವುದನ್ನು ಹೇಗೋ ಧೈರ್ಯ ಮಾಡಿ ಹೇಳಿದೆ. "ಬಾಯಿ ಕಟ್ಟಬೇಕಮ್ಮ" ಎಂದರು. ಆ ಮಾತು ತುಂಬಾ ದಿನ ಚುಚ್ಚಿತು. ಆದರೆ ಅವರು ಬರೆದುಕೊಟ್ಟ ರಕ್ತ ಪರೀಕ್ಷೆ ಮಾತ್ರ ಉಪಯೋಗಕ್ಕೆ ಬಂತು. ಥೈರಾಯ್ಡ್, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ), ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಎಲ್ಲ ಸೇರಿ 2,800 ರೂಪಾಯಿ. ಥೈರಾಯ್ಡ್ ಸರಿ ಇತ್ತು. ಬಿ12 ಕಡಿಮೆ. ಎಚ್‌ಬಿಎ1ಸಿ 5.9 ಬಂತು. 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀವಿ ಅಂತ ಅರ್ಥ.

ನೀವೂ ಈ ಪರೀಕ್ಷೆಗಳನ್ನು ಮೊದಲು ಮಾಡಿಸಿಬಿಡಿ. ಬೇರೆ ಕಾಯಿಲೆಗೆ ಮಾತ್ರೆ ತಗೊಳ್ತಿದ್ದರೆ ಅದರ ಹೆಸರನ್ನೂ ಡಾಕ್ಟರಿಗೆ ತಿಳಿಸಿ. ಸ್ಟೀರಾಯ್ಡ್ ಮತ್ತು ಮನೋರೋಗದ ಕೆಲವು ಮಾತ್ರೆಗಳು ಹಸಿವನ್ನು ಜಾಸ್ತಿ ಮಾಡುತ್ತವೆ. ನಿದ್ದೆ ಕಡಿಮೆಯಾದರೂ ಹಸಿವು ಏರುತ್ತೆ. ಇವನ್ನೆಲ್ಲ ನೋಡದೆ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವುದು ತಪ್ಪು.

ಆಮೇಲೆ ಗೆಳತಿಯೊಬ್ಬಳು ಹೇಳಿದಳು ಅಂತ ತೂಕ ಇಳಿಸುವ ಒಂದು ಸೆಂಟರಿಗೆ ಸೇರಿದೆ. ಮೂರು ತಿಂಗಳಿಗೆ 9,000 ರೂಪಾಯಿ. ಅನ್ನ ಇಲ್ಲ, ಸಕ್ಕರೆ ಇಲ್ಲ, ಸಂಜೆ ಆರರ ಮೇಲೆ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಪ್ರತಿದಿನ ತೂಕದ ಮಷಿನ್ನಿನ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಕು. ಮೊದಲ ಕೆಲವು ವಾರ ತೂಕ ಇಳಿಯಿತು, ಎಲ್ಲರೂ ಹೊಗಳಿದರು. ವರಮಹಾಲಕ್ಷ್ಮಿ ಹಬ್ಬ ಬಂತು. ನೈವೇದ್ಯದ ಹೋಳಿಗೆ, ಅತ್ತೆ ತಟ್ಟೆಗೆ ಹಾಕಿದರು, ಬೇಡ ಅನ್ನೋಕೆ ಆಗಲಿಲ್ಲ. ಒಂದು ತಿಂದೆ. ತಿಂದ ತಕ್ಷಣ "ಹೋಯ್ತು, ಇವತ್ತು ಕೆಟ್ಟೇ ಹೋಯ್ತು" ಅಂತ ಮನಸ್ಸಿಗೆ ಬಂತು. ಆ ರಾತ್ರಿ ಡಬ್ಬಿಯಲ್ಲಿದ್ದ ಹೋಳಿಗೆ ಪೂರ್ತಿ ಮುಗಿಯಿತು. ಬೆಳಿಗ್ಗೆ ಫೋಟೋ ಹಾಕಲಿಲ್ಲ. ಗುಂಪಿನಲ್ಲಿ ಎಲ್ಲರ ಮುಂದೆ ಹೆಸರು ಹಿಡಿದು ಕೇಳಿದರು. ಅವತ್ತೇ ಹೊರಗೆ ಬಂದೆ. ದುಡ್ಡು ವಾಪಸ್ ಬರಲಿಲ್ಲ. ಇಂಥ ಕಡೆ ಸೇರುವುದಾದರೆ, ಮಧ್ಯೆ ಬಿಟ್ಟರೆ ಎಷ್ಟು ವಾಪಸ್ ಕೊಡ್ತೀರಿ ಅಂತ ಮೊದಲೇ ಬರೆಸಿಕೊಳ್ಳಿ. ನನ್ನನ್ನು ಕೇಳಿದರೆ, ರಾತ್ರಿ ಕದ್ದು ತಿನ್ನುವ ತೊಂದರೆ ಇದ್ದವರು ಅಲ್ಲಿಗೆ ಹೋಗಲೇಬಾರದು.

ಅದಾದ ಮೇಲಿನ ತಿಂಗಳುಗಳು ಹಿಂದೆಂದಿಗಿಂತ ಕೆಟ್ಟವಾಗಿದ್ದವು. ಮದುವೆ, ಗೃಹಪ್ರವೇಶಕ್ಕೆ ಹೋಗುವುದನ್ನೇ ಬಿಟ್ಟೆ. ಎಲ್ಲರ ಮುಂದೆ ಊಟ ಮಾಡುವುದೇ ಭಯ. ಒಂದು ರಾತ್ರಿ ತೀರಾ ಸಂಕಟವಾಗಿ 14416ಕ್ಕೆ ಫೋನ್ ಮಾಡಿದೆ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಇಪ್ಪತ್ನಾಲ್ಕು ಗಂಟೆಯೂ ಸಿಗುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಿನ್ನೋದರ ಬಗ್ಗೆ ಅಲ್ಲಿಗೆ ಫೋನ್ ಮಾಡಬಹುದಾ ಅಂತ ನನಗೂ ಅನುಮಾನ ಇತ್ತು. ಧಾರಾಳವಾಗಿ ಮಾಡಬಹುದು. ಆ ಕಡೆ ಮಾತಾಡಿದ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡರು. ಸಾಯುವ ಯೋಚನೆ ಬರುತ್ತಾ, ತಿಂದದ್ದನ್ನು ಬೇಕಂತ ವಾಂತಿ ಮಾಡ್ತೀರಾ ಅಂತ ಕೇಳಿದರು. ಎರಡೂ ಇಲ್ಲ ಎಂದೆ. "ಇದು ಬಾಯಿಚಪಲ ಅಲ್ಲ ಅಕ್ಕಾ, ಇದಕ್ಕೆ ಚಿಕಿತ್ಸೆ ಇದೆ" ಎಂದರು. ಹಾಗಂತ ನನಗೆ ಹೇಳಿದವರಲ್ಲಿ ಅವರೇ ಮೊದಲು.

ಯಾರ ಹತ್ತಿರ ಹೋಗಬೇಕು ಅನ್ನುವುದು ಆ ಫೋನಿನ ನಂತರ ಸ್ಪಷ್ಟವಾಯಿತು. ಮನೋವೈದ್ಯರು ಅಂದರೆ ಎಂಬಿಬಿಎಸ್ ಮುಗಿಸಿ ಮನೋರೋಗದಲ್ಲಿ ಮುಂದೆ ಓದಿದವರು. ಮಾತ್ರೆ ಬರೆಯುವುದು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುವವರು, ಮಾತ್ರೆ ಬರೆಯುವುದಿಲ್ಲ. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಆಗಿರಬೇಕು. ಅದರ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಬರೀ "ಕೌನ್ಸೆಲರ್" ಅಂತ ಬೋರ್ಡು ಇದ್ದರೆ ಏನು ಓದಿದ್ದೀರಿ, ನೋಂದಣಿ ಸಂಖ್ಯೆ ಎಷ್ಟು ಅಂತ ಕೇಳಿ. ಸರಿಯಾಗಿ ಕಲಿತವರಿಗೆ ಈ ಪ್ರಶ್ನೆಯಿಂದ ಬೇಜಾರಾಗಲ್ಲ.

ನಮ್ಮೂರಿನ ಒಂದು ದೊಡ್ಡ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋದೆ. ಆಧಾರ್, ಹಳೆಯ ರಕ್ತ ಪರೀಕ್ಷೆಯ ಕಾಗದ, ತಗೊಳ್ಳುತ್ತಿದ್ದ ಮಾತ್ರೆಗಳ ಚೀಟಿ ಇಟ್ಟುಕೊಂಡಿದ್ದೆ. ಅಷ್ಟು ಸಾಕು. ಆಭಾ ಕಾರ್ಡ್, ಅಂದರೆ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ಕಾರ್ಡ್, ಇದ್ದರೆ ಕೆಲವು ಆಸ್ಪತ್ರೆಗಳಲ್ಲಿ ಕೌಂಟರಿನ ಕ್ಯೂಆರ್ ಕೋಡ್ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಸಾಕು, ಟೋಕನ್ ಬರುತ್ತೆ, ಹೆಸರು ವಿಳಾಸ ಬರೆಸುವ ಸಾಲು ತಪ್ಪುತ್ತೆ. ಆದರೆ ಒಳಗೆ ಡಾಕ್ಟರನ್ನು ನೋಡುವ ಸಾಲು ತಪ್ಪುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೋದವಳು ಮಧ್ಯಾಹ್ನ ಒಂದರ ಹತ್ತಿರ ಒಳಗೆ ಹೋದೆ. ಅಷ್ಟು ಹೊತ್ತೂ ನನಗೆ ಇದ್ದದ್ದು ಒಂದೇ ಹೆದರಿಕೆ, ಪರಿಚಯದವರು ಯಾರಾದರೂ ನೋಡಿಬಿಟ್ಟರೆ ಅಂತ. ನೋಡಿದರು ಕೂಡ. ನಮ್ಮ ಬೀದಿಯ ಒಬ್ಬ ಅಮ್ಮ ಮಗನ ಜೊತೆ ಬಂದಿದ್ದರು. ಪಕ್ಕದಲ್ಲಿ ಬಂದು ಕೂತು, ಬ್ಯಾಗಿನಿಂದ ನೀರಿನ ಬಾಟಲಿ ಕೊಟ್ಟು, ಏನೂ ಕೇಳಲಿಲ್ಲ. ಅವರನ್ನು ಈಗಲೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಡಾಕ್ಟರು ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು, ಕನ್ನಡದಲ್ಲೇ ಇತ್ತು. ಎರಡು ವಾರದಿಂದ ನಿದ್ದೆ ಹೇಗಿದೆ, ಬೇಸರ ಎಷ್ಟಿದೆ, ಬದುಕುವುದೇ ಬೇಡ ಅನಿಸಿದೆಯಾ ಅಂತೆಲ್ಲ. ಖಿನ್ನತೆ ಅಳೆಯುವ ಹಾಳೆ ಅದು. ಆಮೇಲೆ ತಿನ್ನುವುದರ ಬಗ್ಗೆ ಕೇಳಿದರು. ವಾರಕ್ಕೆ ಎಷ್ಟು ಸಲ? ಎಷ್ಟು ತಿಂಗಳಿಂದ? ಹಸಿವಿಲ್ಲದಿದ್ದರೂ ತಿಂತೀರಾ? ಬೇರೆಯವರು ನೋಡ್ತಾರೆ ಅಂತ ಒಬ್ಬರೇ ತಿಂತೀರಾ? ತಿಂದ ಮೇಲೆ ನಿಮ್ಮ ಮೇಲೆ ನಿಮಗೇ ಅಸಹ್ಯ ಆಗುತ್ತಾ? ಪ್ರತಿಯೊಂದು ಪ್ರಶ್ನೆಗೂ ಹೌದು ಹೌದು ಅಂದೆ. ನನ್ನ ಅಡುಗೆಮನೆಯಲ್ಲಿ ನಿಂತು ನೋಡಿದವರ ಹಾಗೆ ಕೇಳುತ್ತಿದ್ದರು. ಇದಕ್ಕೆ ಬಿಂಜ್ ಈಟಿಂಗ್ ಡಿಸಾರ್ಡರ್ ಅನ್ನುತ್ತಾರೆ, ಸರಾಸರಿ ವಾರಕ್ಕೆ ಒಮ್ಮೆಯಂತೆ ಮೂರು ತಿಂಗಳು ಹೀಗಾದರೆ ಕಾಯಿಲೆ ಅಂತಲೇ ಗುರುತಿಸುತ್ತಾರೆ ಎಂದರು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲಿ ಇದು ಪ್ರತ್ಯೇಕ ಕಾಯಿಲೆಯಾಗಿ ಸೇರಿದ್ದು 2013ರಲ್ಲಿ ಅಂತೆ. ಬೇಸರಕ್ಕೆ ತಿನ್ನುವವರೆಲ್ಲರಿಗೂ ಈ ಕಾಯಿಲೆ ಇರುವುದಿಲ್ಲ. ಕೋಪ ಬಂದಾಗ, ಒಂಟಿ ಅನಿಸಿದಾಗ ಸ್ವಲ್ಪ ಜಾಸ್ತಿ ತಿನ್ನುವುದು ಎಲ್ಲರಲ್ಲೂ ಇದೆ. ನನ್ನದು ಆ ಗೆರೆ ದಾಟಿತ್ತು. ಖಿನ್ನತೆಯೂ ಸ್ವಲ್ಪ ಇತ್ತು.

ಒಂದು ಮಾತ್ರೆ ಬರೆದರು, ಅದನ್ನು ಹಲವು ತಿಂಗಳು ತಗೊಂಡು ಆಮೇಲೆ ಅವರೇ ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸಿದರು. ಈ ಮಾತ್ರೆಗಳನ್ನು ನಾವಾಗಿ ನಿಲ್ಲಿಸಬಾರದು. ತೂಕ ಇಳಿಸಲೆಂದು 2025ರಿಂದ ನಮ್ಮ ದೇಶದಲ್ಲೂ ಸಿಗುತ್ತಿರುವ ವಾರದ ಇಂಜೆಕ್ಷನ್ ಬಗ್ಗೆಯೂ ಕೇಳಿದೆ. ಮೊದಲು ಊಟದ ಹೊತ್ತು ಸರಿಹೋಗಲಿ, ಬೇಕಾದರೆ ಆಮೇಲೆ ನೋಡೋಣ ಎಂದರು. ಅದರ ಮಾತು ಮತ್ತೆ ಬರಲಿಲ್ಲ. ಇನ್ನೊಂದು ಎಚ್ಚರಿಕೆ: ತಿಂದು ವಾಂತಿ ಮಾಡುವ ಅಭ್ಯಾಸ ಇದ್ದವರು ತಡ ಮಾಡದೆ ಡಾಕ್ಟರನ್ನು ನೋಡಬೇಕು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯಕ್ಕೇ ಅಪಾಯ.

ನಿಜವಾದ ಕೆಲಸ ಶುರುವಾದದ್ದು ಸೈಕಾಲಜಿಸ್ಟ್ ಮೇಡಂ ಹತ್ತಿರ. ಅವರನ್ನು ನೋಡಲು ಮೂರು ವಾರ ಕಾಯಬೇಕಾಯಿತು. ಏನು ತಿನ್ನಬಾರದು ಅಂತ ಪಟ್ಟಿ ಕೊಡ್ತಾರೆ ಅಂದುಕೊಂಡು ಹೋಗಿದ್ದೆ. ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ ಎಂದರು. ಎಷ್ಟು ಹೊತ್ತಿಗೆ ತಿಂದೆ, ಏನು, ಎಲ್ಲಿ ಕೂತು, ಯಾರ ಜೊತೆ, ತಿನ್ನುವ ಮುಂಚೆ ಮನಸ್ಸಿನಲ್ಲಿ ಏನಿತ್ತು. ಇಷ್ಟೇ ಬರೆಯಬೇಕು. ಕ್ಯಾಲೊರಿ ಬರೆಯುವ ಹಾಗಿಲ್ಲ. ತಿಂದ ಕೂಡಲೇ ಬರೆಯಬೇಕು, ರಾತ್ರಿ ಕೂತು ನೆನಪಿನಿಂದ ಬರೆದರೆ ನಡೆಯಲ್ಲ. ಆಫೀಸಿನಲ್ಲಿ ಯಾರಾದರೂ ನೋಡ್ತಾರೆ ಅಂತ ನಾನು ಲೆಕ್ಕದ ಪುಸ್ತಕದ ಹಾಗೆ ಅಂಕಣ ಎಳೆದುಕೊಂಡು ಬರೆಯುತ್ತಿದ್ದೆ. ತೂಕ ನೋಡುವುದು ವಾರಕ್ಕೆ ಒಂದೇ ಸಲ.

ಮೊದಲ ವಾರದ ನೋಟ್‌ಬುಕ್ ನೋಡಿ ಅವರು ಬೆರಳಿಟ್ಟು ತೋರಿಸಿದ್ದು ರಾತ್ರಿಯ ಸಾಲುಗಳನ್ನಲ್ಲ, ಬೆಳಗಿನ ಖಾಲಿ ಜಾಗವನ್ನು. ಬೆಳಿಗ್ಗೆ ಬರೀ ಕಾಫಿ. ಮಧ್ಯಾಹ್ನ ಒಂದೂವರೆಗೆ ಸಣ್ಣ ಡಬ್ಬಿ. ಆಮೇಲೆ ರಾತ್ರಿ ಒಂಬತ್ತರವರೆಗೆ ಊಟ ಅನ್ನುವಂಥದ್ದು ಏನೂ ಇಲ್ಲ. "ನಿಮ್ಮ ರಾತ್ರಿ ಹಸಿವು ಬೆಳಿಗ್ಗೆಯೇ ಹುಟ್ಟುತ್ತಿದೆ" ಎಂದರು. ನಾನು ನಂಬಲಿಲ್ಲ. ಆಗ ಅವರು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ನಡೆದ ಪ್ರಯೋಗದ ಬಗ್ಗೆ ಹೇಳಿದರು. ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ, ಆರೋಗ್ಯವಾಗಿದ್ದ 36 ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಅವರಿಗೆ ಹಗಲು ರಾತ್ರಿ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರಂತೆ. ಪ್ರಯೋಗ ಮುಗಿದ ಮೇಲೆ ಕೆಲವರು ಹೊಟ್ಟೆ ತುಂಬಿದರೂ ನಿಲ್ಲಿಸಲಾರದೆ ತಿಂದರು. ಅವರ್‍ಯಾರಿಗೂ ಮೊದಲು ಆ ತೊಂದರೆ ಇರಲಿಲ್ಲ.

1975ರ ಇನ್ನೊಂದು ಪ್ರಯೋಗ ಕೇಳಿದಾಗ ನನಗೆ ವರಮಹಾಲಕ್ಷ್ಮಿ ಹಬ್ಬದ ರಾತ್ರಿ ಕಣ್ಣಿಗೆ ಕಟ್ಟಿತು. ಹರ್ಮನ್ ಮತ್ತು ಮ್ಯಾಕ್ ಅನ್ನುವವರು ಕಾಲೇಜು ಹುಡುಗಿಯರಿಗೆ ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಂ ಕೊಟ್ಟರು. ಡಯೆಟ್ ಗೊಡವೆ ಇಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಂ ಕಡಿಮೆ ತಿಂದರು. ಊಟಕ್ಕೆ ಕಟ್ಟು ಹಾಕಿಕೊಂಡಿದ್ದವರು ಜಾಸ್ತಿ ತಿಂದರು. ಕಟ್ಟು ಒಮ್ಮೆ ಮುರಿಯಿತು, ಇನ್ನೇನಿದೆ ಅನ್ನುವ ಭಾವ. ನನ್ನ ಆ ಒಂದು ಹೋಳಿಗೆ! ಅದು ನನ್ನೊಬ್ಬಳ ಗುಣದೋಷ ಅಲ್ಲ ಅಂತ ತಿಳಿದು ಅಲ್ಲೇ ಅತ್ತುಬಿಟ್ಟೆ.

ಹಾಗಾಗಿ ಚಿಕಿತ್ಸೆ ಶುರುವಾದದ್ದು ಜಾಸ್ತಿ ಸಲ ತಿನ್ನುವುದರಿಂದ. ಎದ್ದ ಒಂದು ಗಂಟೆಯೊಳಗೆ ತಿಂಡಿ. ಆಮೇಲೆ ಮೂರು ನಾಲ್ಕು ಗಂಟೆಗೊಮ್ಮೆ ಏನಾದರೂ. ಹಿಂದಿನ ರಾತ್ರಿ ಎಷ್ಟೇ ತಿಂದಿದ್ದರೂ ಮರುದಿನದ ತಿಂಡಿ ಬಿಡುವ ಹಾಗಿಲ್ಲ. ನನಗೆ ಅತಿ ಕಷ್ಟವಾದದ್ದು ಈ ಕೊನೆಯದು. ಹೊಟ್ಟೆ ಭಾರ ಇರುವಾಗ ಇಡ್ಲಿ ಮುಂದೆ ಕೂರುವುದು ಅಂದರೆ ಕಣ್ಣೀರೇ ಬರುತ್ತಿತ್ತು. ಆದರೂ ಒಂದು ಇಡ್ಲಿಯಾದರೂ ತಿನ್ನುತ್ತಿದ್ದೆ. ಸಂಜೆ ಐದೂವರೆಗೆ ಆಫೀಸಿನಲ್ಲೇ ಹೊಟ್ಟೆಗೆ ಆಧಾರವಾಗುವಂಥದ್ದು: ಹೆಸರುಕಾಳು ಉಸುಳಿ, ಇಲ್ಲವೇ ಶೇಂಗಾ ಜೊತೆ ಬಾಳೆಹಣ್ಣು, ಇಲ್ಲವೇ ಅವಲಕ್ಕಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಈ ಹೊತ್ತುಗಳನ್ನು ತಮ್ಮ ಡಾಕ್ಟರನ್ನು ಕೇಳಿಯೇ ಇಟ್ಟುಕೊಳ್ಳಬೇಕು.

ಒಂದು ತಿಂಗಳು ಕಳೆಯುವಷ್ಟರಲ್ಲಿ ಸಂಜೆ ಮನೆಗೆ ಬಂದಾಗ ಕೈ ನಡುಗುವುದು ನಿಂತಿತ್ತು. ಆಗ ಉಳಿದದ್ದು ಕಾಣತೊಡಗಿತು. ಹೊಟ್ಟೆಯ ಹಸಿವು ನಿಧಾನವಾಗಿ ಬರುತ್ತೆ, ರೊಟ್ಟಿ ಪಲ್ಯ ಕೊಟ್ಟರೂ ಸರಿ ಅನ್ನುತ್ತೆ. ಇದು ಹಾಗಲ್ಲ. ಬಾಗಿಲು ತೆಗೆದು ಮಗಳ ಚಪ್ಪಲಿ ಇಲ್ಲದ ಮೂಲೆ ಕಂಡ ತಕ್ಷಣ ಖಾರವೇ ಬೇಕು, ಈಗಲೇ ಬೇಕು. ನೋಟ್‌ಬುಕ್ಕಿನಲ್ಲಿ ಆ ಹೊತ್ತಿನ ಮುಂದೆ ನಾನು ಮತ್ತೆ ಮತ್ತೆ ಬರೆದದ್ದು "ಮನೆ ಖಾಲಿ" ಅಂತ. ಅದನ್ನು ಸದ್ದಿಲ್ಲದೆ ತುಂಬುತ್ತಿದ್ದದ್ದು ಡಬ್ಬಿಗಳು. ಮೇಡಂ ಹೇಳಿದ್ದು, ಆ ಸಂಕಟ ಬಂದಾಗ ಇಪ್ಪತ್ತು ನಿಮಿಷ ಬೇರೇನಾದರೂ ಮಾಡಿ, ಆಮೇಲೂ ಬೇಕು ಅನಿಸಿದರೆ ತಟ್ಟೆಗೆ ಹಾಕಿಕೊಂಡು, ಕೂತು, ಲೈಟು ಹಾಕಿ ತಿನ್ನಿ ಅಂತ. ಆ ಇಪ್ಪತ್ತು ನಿಮಿಷ ನಾನು ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಭಾನುವಾರ ಮಗಳಿಗೆ ಏನು ಹೇಳಬೇಕು ಅಂತ ಬರೆಯುತ್ತಿದ್ದೆ. ಅಪ್ಪನ ಬಗ್ಗೆ ಬರೆಯುವುದೂ ಅಲ್ಲೇ ಶುರುವಾಯಿತು. ಅಪ್ಪ ಹೋದಾಗ ಕಾರ್ಯ, ಅಡುಗೆ, ಬಂದವರ ಉಪಚಾರ ಅಂತ ಓಡಾಡಿದ್ದೆ, ಕೂತು ಅತ್ತಿರಲಿಲ್ಲ. ಸೆಷನ್ನುಗಳಲ್ಲಿ ಊಟಕ್ಕಿಂತ ಅಪ್ಪನ ಮಾತೇ ಜಾಸ್ತಿ ಆದ ವಾರಗಳೂ ಇದ್ದವು.

ತಿನ್ನಬಾರದು ಅಂತ ಮನಸ್ಸಿನಲ್ಲಿ ಪಟ್ಟಿ ಮಾಡಿಟ್ಟವನ್ನು ಒಂದೊಂದಾಗಿ ವಾಪಸ್ ತರುವುದು ನಂತರದ ಹಂತ. ನನ್ನ ಪಟ್ಟಿಯ ತುದಿಯಲ್ಲಿ ಇದ್ದದ್ದು ಮಿರ್ಚಿ ಮಂಡಕ್ಕಿ. ದಾವಣಗೆರೆಯಲ್ಲಿ ಇದ್ದುಕೊಂಡು ಅದನ್ನು ನೋಡದೆ ಇರೋಕಾಗುತ್ತಾ? ಒಬ್ಬರ ಜೊತೆ ಹೋಗಿ, ಅಂಗಡಿಯಲ್ಲೇ ಕೂತು, ಸಂಜೆಯ ತಿಂಡಿಯ ಹೊತ್ತಿಗೆ ಒಂದು ಪ್ಲೇಟ್ ತಿಂದು ಬನ್ನಿ ಎಂದರು. ಆಫೀಸಿನ ಗೆಳತಿಯನ್ನು ಕರೆದುಕೊಂಡು ಹೋದೆ. ಅರ್ಧ ಪ್ಲೇಟಿನ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಮುಗಿಸಿ ಚಹಾ ಕುಡಿದು ಮನೆಗೆ ಬಂದೆ. ರಾತ್ರಿ ಮಾಮೂಲಿ ಊಟ ಮಾಡಿದೆ. ಮತ್ತೇನೂ ಆಗಲಿಲ್ಲ. ಆ ಮಾಮೂಲಿ ಊಟ ನನಗೆ ಕೊಟ್ಟ ಸಂತೋಷ ಹೇಳಿದರೆ ಅರ್ಥವಾಗುವುದು ಈ ಕಷ್ಟ ಪಟ್ಟವರಿಗೆ ಮಾತ್ರ.

ಮನೆಯವರ ವಿಷಯ. ಅತ್ತೆ "ಮನಸ್ಸು ಗಟ್ಟಿ ಮಾಡ್ಕಳವ್ವಾ, ಇದಕ್ಕೆಲ್ಲ ಆಸ್ಪತ್ರೆ ಯಾಕೆ" ಎಂದರು. ಯಜಮಾನರು ಒಳ್ಳೆಯದಾಗಲಿ ಅಂತ ಮನೆಯ ಕುರುಕಲು ತಿಂಡಿಯನ್ನೆಲ್ಲ ಎತ್ತಿ ಹೊರಗೆ ಹಾಕಿದರು. ಅವತ್ತು ರಾತ್ರಿ ನಾನು ಹಾಲಿನಪುಡಿ ತಿಂದೆ. ಮುಂದಿನ ಸೆಷನ್ನಿಗೆ ಅವರನ್ನೂ ಕರೆಸಿ ಮೇಡಂ ವಿವರಿಸಿದರು. ಸಾಧ್ಯವಿದ್ದರೆ ನೀವೂ ಮನೆಯವರಲ್ಲಿ ಒಬ್ಬರನ್ನು ಒಮ್ಮೆಯಾದರೂ ಕರೆದುಕೊಂಡು ಹೋಗಿ. ಅತ್ತೆ ಬರಲಿಲ್ಲ, ಆದರೆ ಸಂಜೆಯ ಉಸುಳಿಗೆ ಕಾಳು ನೆನೆಹಾಕುವುದು ಈಗ ಅವರ ಕೆಲಸ. ಹಿಂದಿನ ದಿನವೇ ನೆನೆಹಾಕಿ, "ನಾಳಿಗೆ ಮಡಕಿಕಾಳು" ಅಂತ ಹೇಳಿ ಮಲಗುತ್ತಾರೆ. ಮದುವೆಮನೆಗಳಲ್ಲಿ "ದಪ್ಪ ಆಗೀಯಲ್ಲೇ" ಅನ್ನುವವರಿಗೆ ಮಾತ್ರ ಇನ್ನೂ ಉತ್ತರ ಹೊಂದಿಸಿಲ್ಲ. ಆ ಮಾತು ಒಬ್ಬರ ಮುಂದಿನ ಎಷ್ಟು ಊಟಗಳನ್ನು ಕೆಡಿಸುತ್ತೆ ಅಂತ ಆಡುವವರಿಗೆ ಗೊತ್ತಿಲ್ಲ. ದಯವಿಟ್ಟು ಆಡಬೇಡಿ.

ಅರ್ಧ ದಾರಿಯಲ್ಲಿ ಮೇಡಂ ಬೇರೆ ಊರಿಗೆ ಹೋದರು. ಒಂದು ತಿಂಗಳಿಗೂ ಜಾಸ್ತಿ ಯಾರೂ ಇಲ್ಲದೆ ಕಳೆದೆ. ಅದೇ ಹೊತ್ತಿಗೆ ಅಪ್ಪನ ವರ್ಷದ ತಿಥಿ ಬಂತು, ಹಳೆಯ ರಾತ್ರಿಗಳು ಕೆಲವು ದಿನ ಮರಳಿ ಬಂದವು. ನೋಟ್‌ಬುಕ್ ಬಿಡಲಿಲ್ಲ, ಬೆಳಗಿನ ತಿಂಡಿಯನ್ನೂ ಬಿಡಲಿಲ್ಲ. ಆಮೇಲೆ ಅವರೇ ವಿಡಿಯೋ ಕರೆಯಲ್ಲಿ ಸಿಕ್ಕರು. ಆಸ್ಪತ್ರೆಯಲ್ಲಿ ಕಡಿಮೆ ದುಡ್ಡಿಗೆ ಆಗುತ್ತಿದ್ದ ಸೆಷನ್ನಿಗೆ ಈಗ 1,000 ರೂಪಾಯಿ. ಮೊದಲು ವಾರಕ್ಕೊಂದು, ಆಮೇಲೆ ಹದಿನೈದು ದಿನಕ್ಕೊಂದು. ವಿಡಿಯೋದಲ್ಲಿ ಮಾತಾಡಲು ಮನೆಯಲ್ಲಿ ಜಾಗ ಇಲ್ಲದೆ ಮಹಡಿ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಚಿಕಿತ್ಸೆ ಶುರು ಮಾಡುವಾಗಲೇ, ನೀವು ಇಲ್ಲದಿದ್ದರೆ ಯಾರು ನೋಡ್ತಾರೆ ಅಂತ ಕೇಳಿಟ್ಟುಕೊಳ್ಳಿ.

ವಿಮೆ ಸಿಗಬಹುದು ಅಂತ ಆಸೆ ಇತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್, ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅನ್ನುತ್ತೆ. ಆದರೆ ನಮ್ಮ ಕಂಪನಿಯ ಪಾಲಿಸಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಮಾತ್ರ. ಹೊರರೋಗಿಯಾಗಿ ಹೋಗಿ ಬರುವುದಕ್ಕೆ ದೇಹದ ಕಾಯಿಲೆಗೂ ಇಲ್ಲ, ಇದಕ್ಕೂ ಇಲ್ಲ. ನಿಮ್ಮ ಪಾಲಿಸಿಯಲ್ಲಿ ಒಪಿಡಿ ಅಂತ ಬೇರೆ ಸಾಲು ಇದೆಯಾ ನೋಡಿ. ಇದ್ದರೆ ಪ್ರತಿ ಸೆಷನ್ನಿಗೂ ರಸೀದಿ, ಅದರಲ್ಲಿ ಚಿಕಿತ್ಸೆ ಕೊಟ್ಟವರ ನೋಂದಣಿ ಸಂಖ್ಯೆ, ಜೊತೆಗೆ ಡಾಕ್ಟರು ಬರೆದ ಚೀಟಿ ಇಟ್ಟುಕೊಳ್ಳಿ. ನನಗೆ ಎಲ್ಲ ಸೇರಿ, ಆ ಸೆಂಟರಿಗೆ ಕಟ್ಟಿದ್ದನ್ನು ಬಿಟ್ಟು, ಮೂವತ್ತು ಸಾವಿರದ ಆಸುಪಾಸು ಆಯಿತು. ಇಷ್ಟು ಕೈಯಲ್ಲಿ ಇಲ್ಲದವರು ಸರ್ಕಾರಿ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಕೇಳಿ. ತಾಲ್ಲೂಕಿನಲ್ಲಿ ಇರುವವರು ಅಲ್ಲಿನ ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ವಿಚಾರಿಸಿ.

ಈಗಿನ ಸ್ಥಿತಿ ಕೇಳಿದರೆ, ತೂಕ ಸ್ವಲ್ಪ ಮಾತ್ರ ಇಳಿದಿದೆ. ಎಚ್‌ಬಿಎ1ಸಿ 5.6ಕ್ಕೆ ಬಂದಿದೆ. ಕತ್ತಲಲ್ಲಿ ನಿಂತು ತಿಂದು ತುಂಬಾ ದಿನವಾಯಿತು. ಬೇಸರ ಬಂದಾಗ ಈಗಲೂ ಖಾರದ ನೆನಪಾಗುತ್ತೆ. ಕೆಲವು ಸಲ ಬಟ್ಟಲಿಗೆ ಹಾಕಿಕೊಂಡು ತಿಂತೀನಿ, ಕೆಲವು ಸಲ ಬರೆಯುತ್ತಾ ಕೂರ್ತೀನಿ. ನೋಟ್‌ಬುಕ್ ಪ್ರತಿದಿನ ಬರೆಯುವುದು ನಿಲ್ಲಿಸಬಹುದು ಎಂದಿದ್ದಾರೆ, ಹಬ್ಬ ಮತ್ತು ತಿಥಿಯ ವಾರಗಳಲ್ಲಿ ಮಾತ್ರ ಸಾಕಂತೆ. ಮುಂದಿನ ಭೇಟಿ ದೀಪಾವಳಿ ಮುಗಿದ ವಾರಕ್ಕೆ ಇಟ್ಟುಕೊಂಡಿದ್ದೇವೆ. ಮಗಳೂ ಆಗ ರಜೆಗೆ ಬಂದಿರುತ್ತಾಳೆ, ನಾನೂ ಒಮ್ಮೆ ಬರಲಾ ಅಂತ ಕೇಳಿದ್ದಾಳೆ.